ಓದುಗರ ಪ್ರಶ್ನೆ: ಕಾಲರಾ ರೋಗಾಣುವನ್ನು ಕುಡಿದ ವಿಜ್ಞಾನಿ

ಪ್ರಶ್ನೆ: ಜರ್ಮನಿಯ ಹಿರಿಯ ವಿಜ್ಞಾನಿಯೊಬ್ಬರು ಕಾಲರಾ ರೋಗಾಣುಗಳನ್ನು ಕುಡಿದೂ ಬದುಕಿದರೆಂದು ಕೇಳಿದ್ದೇನೆ. ಹಾಗಿದ್ದರೆ ಮಳೆಗಾಲದಲ್ಲಿ ಬಾವಿ ನೀರನ್ನು ಕುದಿಸಿಯೇ ಕುಡಿಯಬೇಕೆಂಬ ಮಾತಿಗೆ ಆಧಾರವೇನು? ಅವರು ಮನೆಯೊಳಗಿನ ಗಾಳಿಯನ್ನೂ ಅಳೆದಿದ್ದರಂತೆ, ನಿಜವೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕುಡಿದದ್ದೂ ನಿಜ, ಬದುಕಿದ್ದೂ ನಿಜ, ಆದರೂ ನೀರನ್ನು ಕುದಿಸುವುದನ್ನು ನೀವು ಬಿಡಬೇಕಾಗಿಲ್ಲ.

ಅವರು ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ (1818–1901). ಮೂಲತಃ ರಸಾಯನಶಾಸ್ತ್ರಜ್ಞರಾಗಿದ್ದ ಅವರು 1865ರಲ್ಲಿ ಮ್ಯೂನಿಕ್‌ನಲ್ಲಿ ನೈರ್ಮಲ್ಯಶಾಸ್ತ್ರದ ಪ್ರಾಧ್ಯಾಪಕರಾದರು. ರೋಗಾಣುವೊಂದರಿಂದಲೇ ಕಾಲರಾ ಹರಡುವುದಿಲ್ಲ, ಹೊಲಸು ಸೇರಿದ ತೇವದ ನೆಲದಲ್ಲಿ ಅದು ಮಾಗಿದ ಮೇಲಷ್ಟೇ ಪಿಡುಗಾಗುತ್ತದೆ ಎಂಬುದು ಅವರ ವಾದವಾಗಿತ್ತು. ಅದಕ್ಕಾಗಿ ಮ್ಯೂನಿಕ್‌ನ ಅಂತರ್ಜಲದ ಏರಿಳಿತವನ್ನು ವರ್ಷಗಟ್ಟಲೆ ಅಳೆಸಿದರು. ಕುಡಿಯುವ ನೀರೇ ಕಾಲರಾದ ವಾಹಕವೆಂಬ, ಜರ್ಮನಿಯ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ಅವರ ನಿಲುವನ್ನು ಒಪ್ಪದೆ, 1892ರ ಅಕ್ಟೋಬರ್ 7ರಂದು, ತಮ್ಮ 73ನೆಯ ವಯಸ್ಸಿನಲ್ಲಿ, ಜಠರದ ಆಮ್ಲ ಅಡ್ಡಬರದಿರಲೆಂದು ಅಡುಗೆ ಸೋಡಾ ಬೆರೆಸಿಕೊಂಡು ರೋಗಾಣುಗಳ ದ್ರಾವಣವನ್ನು ಕುಡಿದರು. ಅವರಿಗೆ ಕೆಲವು ದಿನ ಭೇದಿಯಾಯಿತು, ಮಲದಲ್ಲಿ ರೋಗಾಣುಗಳೂ ಕಂಡುಬಂದವು. ಅದು ಕಾಲರಾ ಅಲ್ಲವೆಂದು ಅವರು ಹೇಳಿದರೂ ಇಂದಿನ ವೈದ್ಯರು ಅದನ್ನು ಸೌಮ್ಯ ಸೋಂಕೆಂದೇ ಓದುತ್ತಾರೆ. ಕಾಲರಾ ರೋಗಾಣು ಹೊಕ್ಕ ಬಹುಪಾಲು ಜನರಿಗೆ ತೀವ್ರ ರೋಗ ಬರುವುದಿಲ್ಲ. ಆದ್ದರಿಂದ ಒಬ್ಬರು ಉಳಿದುಕೊಂಡ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಕೆಲವೇ ದಿನಗಳ ನಂತರ ಅದನ್ನೇ ಕುಡಿದ ಅವರ ಶಿಷ್ಯ ರುಡಾಲ್ಫ್ ಎಮ್ಮರಿಖ್ ಹೆಚ್ಚು ನರಳಿದರು.

ಅದೇ ವರ್ಷ ಹ್ಯಾಂಬರ್ಗ್‌ನಲ್ಲಿ ನಡೆದದ್ದು ಇದಕ್ಕಿಂತ ಸ್ಪಷ್ಟವಾದ ಪುರಾವೆ. ಎಲ್ಬ್ ನದಿಯ ನೀರನ್ನು ಸೋಸದೆ ಹಂಚುತ್ತಿದ್ದ ಆ ನಗರದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ನದಿಯ ಕೆಳಪಾತ್ರದ ನೀರನ್ನು ಮರಳಿನಲ್ಲಿ ಸೋಸಿ ಕೊಡುತ್ತಿದ್ದ, ಮನೆಗೆ ಮನೆ ತಾಗಿಕೊಂಡಿದ್ದ ಆಲ್ಟೊನಾದಲ್ಲಿ ಸಾವು ತೀರಾ ಕಡಿಮೆಯಾಗಿತ್ತು. ಇಷ್ಟಾದರೂ ಪೆಟೆನ್‌ಕೋಫರ್ ಅವರನ್ನು ಹಟಮಾರಿಯೆಂದು ತಳ್ಳಿಹಾಕುವುದು ಅನ್ಯಾಯವೆಂದು ನನಗನಿಸುತ್ತದೆ. ನೆಲ ಹೊಲಸಾಗಬಾರದೆಂಬ ಅವರ ಒತ್ತಾಯದಿಂದ ಮ್ಯೂನಿಕ್ ಒಳಚರಂಡಿಯನ್ನು ಕಟ್ಟಿತು, 1883ರಿಂದ ಮಾಂಗ್‌ಫಾಲ್ ಕಣಿವೆಯ ಶುದ್ಧ ನೀರನ್ನು ತಂದಿತು. ಟೈಫಾಯ್ಡ್‌ಗೆ ಹೆಸರಾಗಿದ್ದ ಊರಿನಲ್ಲಿ ಆ ರೋಗದ ಸಾವುಗಳು ಗಣನೀಯವಾಗಿ ಇಳಿದವು. ಕಾರಣವನ್ನು ತಪ್ಪಾಗಿ ಗ್ರಹಿಸಿದವರು ಪರಿಹಾರದ ಅರ್ಧವನ್ನಂತೂ ಸರಿಯಾಗಿಯೇ ಹಿಡಿದಿದ್ದರು.

ನಿಮ್ಮ ಬಾವಿಗೆ ಎರಡೂ ಅರ್ಧಗಳು ಬೇಕು: ನೆಲವೂ ಶುಚಿಯಾಗಿರಬೇಕು, ಕುಡಿಯುವ ನೀರೂ ಶುಚಿಯಾಗಿರಬೇಕು. ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ತೂತುಗಳು ಹೆಚ್ಚು. ಆಷಾಢದ ಮಳೆಯಲ್ಲಿ ಶೌಚದ ಗುಂಡಿಯ ನೀರು ಬಾವಿಯತ್ತ ಬೇಗ ಜಿನುಗಬಹುದು. ಗುಂಡಿಯು ಬಾವಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಭಾಗದಲ್ಲಿರಲಿ. ಬಾವಿಗೆ ಕಟ್ಟೆ ಇರಲಿ. ಕುಡಿಯುವ ನೀರು ಚೆನ್ನಾಗಿ ಕುದಿ ಬಂದ ಮೇಲೆ ಇನ್ನೂ ಒಂದು ನಿಮಿಷ ಒಲೆಯ ಮೇಲಿರಲಿ.

ಗಾಳಿಯ ವಿಷಯವೂ ನಿಜವೇ. ಬೇರಿಯಂ ಹೈಡ್ರಾಕ್ಸೈಡ್ ದ್ರಾವಣ ಹೀರಿಕೊಂಡ ಕಾರ್ಬನ್ ಡೈಆಕ್ಸೈಡನ್ನು ಲೆಕ್ಕಹಾಕಿ, ವಾಸದ ಕೋಣೆಯಲ್ಲಿ ಅದು ಶೇ. 0.1ನ್ನು ಮೀರಬಾರದೆಂದು ಅವರು 1858ರಲ್ಲಿ ಹೇಳಿದರು. ಕಟ್ಟಡಗಳ ಗಾಳಿಯ ಗುಣಮಟ್ಟವನ್ನು ಅಳೆಯುವವರು ಇಂದಿಗೂ ಆ ಅಂಕಿಯನ್ನು ಬಳಸುತ್ತಾರೆ. ಆದರೆ ಮಳೆಗಾಲದ ಚಳಿಗೆ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವವರು ಅಂಜಬೇಕಾದದ್ದು ಉಸಿರಿನ ಕಾರ್ಬನ್ ಡೈಆಕ್ಸೈಡಿಗಲ್ಲ, ವಾಸನೆಯೇ ಇಲ್ಲದೆ ಕೊಲ್ಲುವ ಕಾರ್ಬನ್ ಮೋನಾಕ್ಸೈಡಿಗೆ. ಮಲಗುವ ಮುನ್ನ ಕೆಂಡವನ್ನು ಹೊರಗಿಡಿ.