ಆ ಕಮಾಂಡ್ ಓಡುವುದು ಯಾರ ಹೆಸರಲ್ಲಿ?

ನಮಸ್ಕಾರ,

‘ಒರಾಕಲ್ ಒಳಗಿಂದಲೇ ಲಿನಕ್ಸ್ ಸ್ಕ್ರಿಪ್ಟ್ ಓಡಿಸಿ’ ಎಂಬ ನಿಮ್ಮ ಲೇಖನ ಓದಿದೆ. ಹಳೇ ಎಕ್ಸ್‌ಪೋರ್ಟ್ ಫೈಲ್‌ಗಳನ್ನು ದಿನಾ ರಾತ್ರಿ ಅಳಿಸುವ ಕೆಲಸವನ್ನು ಕ್ರಾನ್‌ನಿಂದ (ಲಿನಕ್ಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ವ್ಯವಸ್ಥೆ) ಬಿಡಿಸಿ ಒರಾಕಲ್ ಡೇಟಾಬೇಸ್‌ನದೇ ಆದ ಡಿಬಿಎಂಎಸ್ ಶೆಡ್ಯೂಲರ್‌ಗೆ ಕೊಡುವುದು ಹೇಗೆ ಅಂತ ಹೇಳಿದ್ದೀರಿ. ಬರವಣಿಗೆ ಸಲೀಸಾಗಿದೆ. ಆದರೂ ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮುಖ್ಯ ತಕರಾರು ಇರುವುದು ಒಂದು ಸಾಲಿನ ಮೇಲೆ. ‘ಓಆರ್‌ಎ-27369 ಎರರ್ ಬಂದರೆ ಎಕ್ಸ್‌ಟರ್ನಲ್‌ಜಾಬ್ ಡಾಟ್ ಓರಾ ಫೈಲ್‌ನಲ್ಲಿ ರನ್ ಯೂಸರ್ ಅನ್ನು ನೋಬಡಿಯಿಂದ ಒರಾಕಲ್‌ಗೆ ಬದಲಿಸಿ, ಸರಿಹೋಗುತ್ತದೆ’ ಅಂದಿದ್ದೀರಿ. ಡೇಟಾಬೇಸ್‌ನಿಂದ ಹೊರಗೆ ಓಡಿಸಿದ ಜಾಬ್ ವಿಫಲವಾದಾಗ ಬರುವ ಎರರ್ ಅದು; ಅಂಥ ಜಾಬ್ ಯಾವ ಲಿನಕ್ಸ್ ಯೂಸರ್ ಆಗಿ ಓಡಬೇಕು ಅಂತ ಹೇಳುವುದು ಆ ರನ್ ಯೂಸರ್ ಸಾಲು. ಅನುಮತಿ ಸಾಲದೆ ಬಂದ ಎರರ್ ಆದರೆ ಸರಿಹೋಗುತ್ತದೆ, ನಿಜ. ಬೀಗ ತೆರೆಯದಿದ್ದರೆ ಬಾಗಿಲನ್ನೇ ಕಿತ್ತಿಡಿ ಅಂದ ಹಾಗೆ.

ಅಲ್ಲಿ ನೋಬಡಿ ಅಂತ ಇರುವುದು ಬೇಕೆಂದೇ. ಆ ಯೂಸರ್‌ಗೆ ಸರ್ವರ್‌ನಲ್ಲಿ ಹೆಚ್ಚೇನೂ ಮುಟ್ಟಲಾಗದು. ಒರಾಕಲ್ ಯೂಸರ್ ಹಾಗಲ್ಲ. ಡೇಟಾ ಫೈಲ್‌ಗಳೆಲ್ಲ ಅವನವೇ. ಸಾಮಾನ್ಯವಾಗಿ ಡಿಬಿಎ ಗ್ರೂಪ್‌ನಲ್ಲೂ ಇರುತ್ತಾನೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಸಿಸ್‌ಡಿಬಿಎ ಆಗಿ, ಡೇಟಾಬೇಸ್‌ನ ಅತಿ ದೊಡ್ಡ ಹಕ್ಕಿನೊಂದಿಗೆ, ಒಳಗೆ ಹೋಗಬಲ್ಲ. ಈಗ ಲೆಕ್ಕ ಹಾಕಿ. ಡೇಟಾಬೇಸ್‌ನಲ್ಲಿ ಕ್ರಿಯೇಟ್ ಜಾಬ್, ಕ್ರಿಯೇಟ್ ಎಕ್ಸ್‌ಟರ್ನಲ್ ಜಾಬ್ ಎರಡೇ ಅನುಮತಿ ಇರುವ ಒಬ್ಬ ಡೆವಲಪರ್ ಒಂದು ಜಾಬ್ ಬರೆಯುತ್ತಾನೆ. ಅದು ಹೊರಗೆ ಹೋಗಿ ಒರಾಕಲ್ ಯೂಸರ್ ಆಗಿ ಓಡುತ್ತದೆ, ಸಿಸ್‌ಡಿಬಿಎ ಆಗಿ ಮತ್ತೆ ಒಳಗೆ ಬರುತ್ತದೆ. ಸಾಲದ್ದಕ್ಕೆ ಆ ಎಕ್ಸ್‌ಟರ್ನಲ್‌ಜಾಬ್ ಫೈಲ್ ಇಡೀ ಒರಾಕಲ್ ಹೋಮ್‌ಗೆ (ಒರಾಕಲ್ ಇನ್‌ಸ್ಟಾಲ್ ಆದ ಫೋಲ್ಡರ್) ಸೇರಿದ್ದು. ಅದೇ ಹೋಮ್‌ನಿಂದ ಓಡುವ ಬೇರೆ ಡೇಟಾಬೇಸ್‌ಗಳಿಗೂ ನಿಮ್ಮ ಬದಲಾವಣೆ ತಗಲುತ್ತದೆ. ಇದು ನಿಮ್ಮ ಓದುಗರಿಗೆ ಗೊತ್ತಾಗುವುದು ಹೇಗೆ?

‘ತಲೆನೋವು ಬೇಡವೆಂದರೆ ಕ್ರಿಯೇಟ್ ಎನಿ ಜಾಬ್ ಕೊಟ್ಟುಬಿಡಿ’ ಎಂಬ ಸಾಲನ್ನೂ ತೆಗೆಯಿರಿ. ಅದಿದ್ದವರು ಡೇಟಾಬೇಸ್‌ನ ಒಡೆಯನಾದ ಸಿಸ್ ಬಿಟ್ಟು ಬೇರೆ ಯಾರ ಸ್ಕೀಮಾದಲ್ಲಾದರೂ (ಒಬ್ಬ ಯೂಸರ್‌ನ ಟೇಬಲ್, ಜಾಬ್‌ಗಳಿರುವ ಜಾಗ) ಜಾಬ್ ಇಡಬಹುದು, ಅದು ಆ ಸ್ಕೀಮಾದ ಯಜಮಾನನ ಹಕ್ಕಿನಲ್ಲೇ ಓಡುತ್ತದೆ. ಸ್ಕ್ರಿಪ್ಟ್‌ಗೆ 777 (ಎಲ್ಲರೂ ಓದಬಹುದು, ತಿದ್ದಬಹುದು, ಓಡಿಸಬಹುದು ಎಂಬ ಅನುಮತಿ) ಕೊಡಿ ಅಂದಿದ್ದೀರಲ್ಲ, ಅದಂತೂ ಬೇಡವೇ ಬೇಡ. ಜಾಬ್ ಎಷ್ಟೇ ಬಿಗಿಯಾಗಿರಲಿ, ಅದು ಓಡಿಸುವ ಫೈಲನ್ನು ಯಾರು ಬೇಕಾದರೂ ತಿದ್ದುವ ಹಾಗಿದ್ದರೆ ಏನು ಬಂತು?

ಟೇಬಲ್‌ನಿಂದ ಬಂದ ಫೈಲ್ ಹೆಸರನ್ನು ಶೆಲ್ ಕಮಾಂಡ್‌ಗೆ ನೇರ ಅಂಟಿಸಿದ್ದೀರಿ. ಹೆಸರಿನಲ್ಲಿ ಒಂದು ಸೆಮಿಕೋಲನ್ ಇದ್ದರೆ ಅದರ ಮುಂದಿನದು ಇನ್ನೊಂದು ಕಮಾಂಡ್ ಆಗುತ್ತದೆ. ಶೆಲ್ ಬಿಟ್ಟು ಸ್ಕ್ರಿಪ್ಟನ್ನೇ ಕರೆಯಿರಿ, ಹೆಸರನ್ನು ಜಾಬ್ ಆರ್ಗ್ಯುಮೆಂಟ್ ಆಗಿ ಕೊಡಿ. ಸ್ಕ್ರಿಪ್ಟ್ ಒಳಗೂ ಅದನ್ನು ಕೋಟ್ ಮಾಡಿ (ಉದ್ಧರಣ ಚಿಹ್ನೆಯೊಳಗಿಟ್ಟು) ಬಳಸಿ.

ಸರಿಯಾದ ದಾರಿ ಒರಾಕಲ್‌ನ 11ಜಿ ಆವೃತ್ತಿಯಿಂದಲೇ ಇದೆ: ಕ್ರೆಡೆನ್ಷಿಯಲ್, ಅಂದರೆ ಡೇಟಾಬೇಸ್‌ನಲ್ಲಿ ಇಟ್ಟ ಲಿನಕ್ಸ್ ಯೂಸರ್‌ನ ಹೆಸರು, ಪಾಸ್‌ವರ್ಡ್. 12ಸಿಯಿಂದ ಅದಕ್ಕೆ ಡಿಬಿಎಂಎಸ್ ಕ್ರೆಡೆನ್ಷಿಯಲ್ ಅಂತ ಬೇರೆಯೇ ಪ್ಯಾಕೇಜ್ ಬಂತು. ಆ ಒಂದು ಫೋಲ್ಡರ್ ಮಾತ್ರ ಮುಟ್ಟಬಲ್ಲ ಹೊಸ ಲಿನಕ್ಸ್ ಯೂಸರ್ ಮಾಡಿ, ಜಾಬ್‌ಗೆ ಅವನ ಕ್ರೆಡೆನ್ಷಿಯಲ್ ಕಟ್ಟಿ. ಲೇಖನದ ನಡುಭಾಗ ಇದೇ ಆಗಬೇಕು.

ಬರಹದ ಬಗ್ಗೆಯೂ ಎರಡು ಮಾತು. ‘ಇಂದಿನ ಡಿಜಿಟಲ್ ಯುಗದಲ್ಲಿ’ ಎಂದು ಶುರುವಾಗುವ ಪ್ಯಾರಾ ಪೂರ್ತಿ ಹೋಗಲಿ. ಕೊನೆಯಲ್ಲಿ ‘ಭದ್ರತೆಗೂ ಗಮನ ಕೊಡಿ’ ಅಂತ ಸುಮ್ನೆ ಶಾಸ್ತ್ರಕ್ಕೆ ಬರೆದಿದ್ದೀರಿ, ಅದೂ ಬೇಡ. ಅದರ ಬದಲು ನಡೆದದ್ದನ್ನೇ ಹೇಳಿ. 2002ರಲ್ಲಿ ಸ್ಪಿಡಾ ಎಂಬ ವರ್ಮ್ (ತಾನಾಗಿ ಹರಡುವ ಕುತಂತ್ರಾಂಶ) ಎಸ್‌ಎ ಎಂಬ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಖಾಲಿ ಇದ್ದ ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್ ಡೇಟಾಬೇಸ್‌ಗಳಿಗೆ ನುಗ್ಗಿ, ಅದರ ಎಕ್ಸ್‌ಪಿ ಕಮಾಂಡ್‌ಶೆಲ್ ಸೌಲಭ್ಯದ ಮೂಲಕ ವಿಂಡೋಸ್ ಕಮಾಂಡ್ ಓಡಿಸಿತ್ತು. 2005ರ ಆವೃತ್ತಿಯಿಂದ ಆ ಸೌಲಭ್ಯ ತಾನಾಗಿ ಆನ್ ಇರುವುದಿಲ್ಲ. ನೀವು ‘ಹಳೇ ವಿಷಯ’ ಅಂತ ಅರ್ಧ ಸಾಲಲ್ಲಿ ದಾಟಿಸಿದ್ದು ಇದನ್ನೇ.

ತಿದ್ದುವಾಗ ಸ್ಕ್ರಿಪ್ಟ್‌ನ ಮೊದಲ ಕಮಾಂಡ್ ಆಗಿ, ಯಾವ ಯೂಸರ್ ಆಗಿ ಓಡುತ್ತಿದೆ ಅಂತ ತೋರಿಸುವ ಐಡಿ ಹಾಕಿ, ಔಟ್‌ಪುಟ್ ಒಂದು ಫೈಲ್‌ಗೆ ಬರೆಸಿ. ಕ್ರೆಡೆನ್ಷಿಯಲ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ಓಡಿಸಿ, ಎರಡೂ ಔಟ್‌ಪುಟ್ ಲೇಖನದಲ್ಲಿ ಸೇರಿಸಿ ಕಳಿಸಿ. ಓದುತ್ತೇನೆ.

— ಸಂಪಾದಕ