ಹುಳಿ ಹಾಲು ಸುರಿದ ನೆಲ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳೇ ಮನೆ, ಜಗಲಿಗೆ ಈಗಲೂ ಸಗಣಿ ಸಾರಿಸುತ್ತೇವೆ. ಇಂಗ್ಲೆಂಡಿನಲ್ಲಿರುವ ಮಗಳು ಆಲ್‌ಫ್ರಿಸ್ಟನ್ ಎಂಬ ಊರಲ್ಲಿ ಪಾದ್ರಿಗಳ ಹಳೇ ಮನೆ ನೋಡಿ ಬಂದಳು. ಅಲ್ಲಿ ನೆಲಕ್ಕೆ ಹುಳಿ ಹಾಲು ಹಾಕಿದ್ದಾರಂತೆ, ನಿಜವಾ? ಫೋಟೋದಲ್ಲಿ ಮನೆಯ ನಡುಭಾಗ ಒಳಗೆ ಸರಿದಂತೆ ಕಾಣುತ್ತದೆ. ಕಟ್ಟಿದವರ ಲೆಕ್ಕ ತಪ್ಪಿತ್ತಾ?
– ಗೃಹಿಣಿ, ಶಿರಸಿ

ಉತ್ತರ: ಹಾಲಿನ ವಿಷಯ ನಿಜ. ಸಸೆಕ್ಸ್‌ನ ಆ ಕಡೆ ಗುಡ್ಡಗಳೆಲ್ಲ ಸೀಮೆಸುಣ್ಣದ ಕಲ್ಲು. ಅದನ್ನೇ ಹಾಸಿ, ದಿಮ್ಮಸು ಹಾಕಿ ಬಡಿದು, ಮೇಲೆ ಹುಳಿ ಹಾಲು ಸುರಿದಿದ್ದಾರೆ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಒಣಗಿದರೆ ಅಂಟಿನ ಹಾಗೆ ಗಟ್ಟಿ ಹಿಡಿಯುತ್ತದೆ. ಹಾಗಂತ ನಿಮ್ಮ ಜಗಲಿಗೆ ಹಾಲು ಸುರಿಯಲು ಹೋಗಬೇಡಿ ಮತ್ತೆ, ಇರುವೆ ಬಿಡುವುದಿಲ್ಲ!

ಲೆಕ್ಕವೂ ತಪ್ಪಿಲ್ಲ. ನನಗಂತೂ ಹಾಲಿಗಿಂತ ಇದೇ ಜಾಸ್ತಿ ಇಷ್ಟ. ಅದು 14ನೇ ಶತಮಾನದ ಮನೆ, ಓಕ್ ಮರದ ಚೌಕಟ್ಟು, ಮೇಲೆ ಹುಲ್ಲಿನ ಮಾಡು. ಕಂಬಗಳ ನಡುವೆ, ನಮ್ಮಲ್ಲಿ ತಟ್ಟಿ ಗೋಡೆಗೆ ಮಣ್ಣು ಮೆತ್ತುತ್ತಿದ್ದರಲ್ಲ, ಅದೇ ಉಪಾಯ. ಇಂಥವನ್ನು ವೀಲ್ಡನ್ ಹಾಲ್ ಹೌಸ್ ಎನ್ನುತ್ತಾರೆ. ನಡುವೆ ದೊಡ್ಡ ಹಜಾರ. ಅದಕ್ಕೆ ಮೆತ್ತು (ಮೇಲಂತಸ್ತು) ಇಲ್ಲ, ನೆಲದಿಂದ ಮಾಡಿನವರೆಗೆ ಖಾಲಿ, ಯಾಕೆಂದರೆ ಆಗ ಬೆಂಕಿ ಹಾಕುತ್ತಿದ್ದುದು ಹಜಾರದ ನೆಲದ ಮೇಲೆಯೇ, ಚಿಮಣಿ ಇಲ್ಲದ ಕಾಲ, ಹೊಗೆ ಮೇಲೇರಿ ಹೋಗಬೇಕಿತ್ತು. ಎರಡು ತುದಿಗಳಲ್ಲಿ ಮಾತ್ರ ಮೇಲೆ ಕೋಣೆಗಳು. ಅವುಗಳ ತೊಲೆಗಳನ್ನು ಕೆಳಗಿನ ಗೋಡೆಯಿಂದ ಸ್ವಲ್ಪ ಆಚೆ ಚಾಚಿ, ಅದರ ಮೇಲೆ ಗೋಡೆ ಎಬ್ಬಿಸುತ್ತಿದ್ದರು. ನಡುವೆ ಚಾಚಲು ಮೆತ್ತೇ ಇಲ್ಲವಲ್ಲ, ಹಾಗಾಗಿ ಆ ಗೋಡೆ ಇದ್ದಲ್ಲೇ ಉಳಿಯಿತು. ಮಾಡು ಮಾತ್ರ ಮೂರಕ್ಕೂ ಸೇರಿ ಒಂದೇ. ಫೋಟೋವನ್ನು ದೊಡ್ಡದು ಮಾಡಿ ನೋಡಿ, ನಡುಭಾಗದಲ್ಲಿ ಸೂರಿನ ಕೆಳಗೆ ಬಾಗಿದ ಮರದ ಆಸರೆ ಕೊಟ್ಟಿದ್ದಾರೆ.

ಇಷ್ಟಾದರೂ 19ನೇ ಶತಮಾನದ ಕೊನೆಗೆ ಮನೆ ಕುಸಿಯುವ ಹಾಗಾಗಿತ್ತು, ಕೆಡವುವ ಮಾತೂ ಬಂದಿತ್ತು. ಊರಿನ ಪಾದ್ರಿಯೇ ಉಳಿಸಿ ಎಂದು ಓಡಾಡಿದರು. ಕೊನೆಗೆ 1895ರಲ್ಲಷ್ಟೇ ಹುಟ್ಟಿದ್ದ, ಹಳೇ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಮರುವರ್ಷವೇ ಅದನ್ನು ಕೊಂಡಿತು. ಬೆಲೆ ಬರೀ 10 ಪೌಂಡ್! ಟ್ರಸ್ಟ್ ಕೊಂಡ ಮೊದಲ ಕಟ್ಟಡ ಅದು. ದುಡ್ಡು ಖರ್ಚಾಗಿದ್ದು ರಿಪೇರಿಗೆ, ಹಳೇ ಮನೆ ಇಟ್ಟುಕೊಂಡ ನಿಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಮಗಳು ಇನ್ನೊಮ್ಮೆ ಹೋದರೆ ಹಜಾರದ ಮೂಲೆಯಲ್ಲಿ ಮರದಲ್ಲಿ ಕೆತ್ತಿದ ಓಕ್ ಎಲೆ ಹುಡುಕಲು ಹೇಳಿ. ಟ್ರಸ್ಟಿನ ಲಾಂಛನದ ಎಲೆಗೆ ಅದೇ ಮೂಲ ಎನ್ನುವವರಿದ್ದಾರೆ.