ಸಿಂಕ್ ಕೆಳಗಿನ ವ್ಯವಹಾರ

ತಿಪಟೂರಿನ ಓದುಗರೊಬ್ಬರು ಸಿಟ್ಟಲ್ಲಿ ಬರೆದಿದ್ದಾರೆ: ‘ಔಷಧಿಗೆ ಬಗ್ಗದ ಆಸ್ಪತ್ರೆ ಸೋಂಕಿನ ಬಗ್ಗೆ ಬರೆದಾಗೆಲ್ಲ ಆಸ್ಪತ್ರೆಯೋರನ್ನೇ ಬೈತೀರಿ. ಐದು ದಿನದ ಆ್ಯಂಟಿಬಯೋಟಿಕ್ ಮಾತ್ರೆ ಎರಡೇ ದಿನಕ್ಕೆ ನಿಲ್ಲಿಸೋ ಜನರದ್ದು ಏನೂ ತಪ್ಪಿಲ್ವಾ?’

ಇದೆ ಸ್ವಾಮಿ, ಯಾರು ಇಲ್ಲ ಅಂದ್ರು. ನೆಗಡಿಗೆಲ್ಲ ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೆ ಅಜಿತ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ತಗೊಂಡು ನುಂಗೋದು ತಪ್ಪೇ, ಕಮ್ಮಿ ಡೋಸ್ ತಗೊಂಡ್ರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದ ಹಾಗಾಗೋ ಅಪಾಯ ಇದೆ ಅಂತ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಹೇಳಿದ್ರು. ಆಯ್ತಲ್ಲ? ನಿಮ್ಮ ದುಂಡಗಿನ ಅಕ್ಷರ ನೋಡಿದ್ರೆ ಮೇಷ್ಟ್ರು ಅನ್ಸುತ್ತೆ, ಹಾಗಾಗಿ ಸ್ವಲ್ಪ ಹಿಂದಿನ ಪಾಠ ತೆಗೀತೀನಿ, ಬೇಜಾರು ಮಾಡ್ಕೋಬೇಡಿ.

1950ರ ದಶಕದ ಜಪಾನಲ್ಲಿ ರಕ್ತಭೇದಿ ರೋಗಿಗಳ ಶಿಗೆಲ್ಲ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಅನ್ನೋ ನಾಲ್ಕು ಔಷಧಿಗೂ ಒಟ್ಟೊಟ್ಟಿಗೆ ಬಗ್ಗದ ಹಾಗಾಯ್ತು. ವಿಚಿತ್ರ ಏನಂದ್ರೆ ಅದೇ ರೋಗಿಗಳ ಹೊಟ್ಟೇಲಿದ್ದ ಇ. ಕೋಲಿ ಅನ್ನೋ ಬೇರೆ ಬ್ಯಾಕ್ಟೀರಿಯಾಗೂ ಅದೇ ನಾಲ್ಕು ನಾಟ್ತಿರಲಿಲ್ಲ. ಓಚಿಯಾಯ್, ಅಕಿಬ ಅನ್ನೋ ವಿಜ್ಞಾನಿಗಳ ತಂಡಗಳು 1959ರಲ್ಲಿ ಎರಡನ್ನೂ ಒಟ್ಟಿಗೆ ಬೆಳೆಸಿ ನೋಡಿದ್ರೆ ಔಷಧಿ ತಡ್ಕೊಳ್ಳೋ ಶಕ್ತಿ ಒಂದರಿಂದ ಇನ್ನೊಂದಕ್ಕೆ ದಾಟ್ತಿದೆ! ಆ ಶಿಗೆಲ್ಲ ಒಂದೊಂದು ಔಷಧಿ ಜೊತೆ ಹೋರಾಡಿ ಕಲೀಬೇಕಾಗೇ ಇರಲಿಲ್ಲ.

ದಾಟೋದು ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ಉಂಗುರ. ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ, ಕೊಟ್ಟೋರ ಮೊಸರು ಖಾಲಿಯಾಗಲ್ಲ, ಇಸ್ಕೊಂಡೋರು ನಾಳೆ ಮೂರನೇ ಮನೆಗೆ ಕೊಡ್ತಾರೆ. ಜಾತಿ ಬೇರೆ ಇದ್ರೂ ನಡೆಯುತ್ತೆ, ಕ್ಲೆಬ್ಸಿಯೆಲ್ಲ ಅನ್ನೋ ಬ್ಯಾಕ್ಟೀರಿಯಾ ಇ. ಕೋಲಿಗೆ ಕೊಡುತ್ತೆ. ಒಂದೇ ಉಂಗುರದಲ್ಲಿ ನಾಲ್ಕೈದು ಔಷಧಿ ತಡೆಯೋ ಜೀನ್ ಇರಬಹುದಾದ್ರಿಂದ ಒಂದು ಔಷಧಿ ಕೊಟ್ರೂ ಉಳಿದವನ್ನ ತಡೆಯೋ ಜೀನ್‌ಗಳೂ ಜೊತೇಲೇ ಉಳ್ಕೊಳ್ತವೆ. ಈಗ ಐಸಿಯು ನೆನಪು ಮಾಡ್ಕೊಳ್ಳಿ, ಪ್ರತಿ ಬೆಡ್ಡಲ್ಲೂ ಕ್ಯಾತಿಟರ್, ಡ್ರಿಪ್, ಜೋರು ಆ್ಯಂಟಿಬಯೋಟಿಕ್, ಅದೇ ಎರಡು ಕೈ ಎಲ್ಲ ಬೆಡ್ಡಿಗೂ. ಜೀವಮಾನದಲ್ಲಿ ಒಂದು ಮಾತ್ರೆ ತಪ್ಪಿಸದ ರೋಗಿಗೂ ಅಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಅಂಟ್ಕೊಳ್ಳುತ್ತೆ.

ಬೇಸಿನ್ ಬಗ್ಗೆ ಹೇಳದಿದ್ರೆ ನನಗೆ ನಿದ್ದೆ ಬರಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದೋರು ಆಸ್ಪತ್ರೆ ಸಿಂಕುಗಳನ್ನೇ ಲ್ಯಾಬಲ್ಲಿ ಜೋಡಿಸಿ 2017ರಲ್ಲಿ ತೋರಿಸಿದ್ರು, ಕೆಳಗಿನ ಬಾಗಿದ ಪೈಪಲ್ಲಿ ಕೂತ ಬ್ಯಾಕ್ಟೀರಿಯಾ ತಿನ್ನೋಕೆ ಏನಾದ್ರೂ ಸಿಕ್ಕಿದ್ರೆ ದಿನಕ್ಕೆ ಸುಮಾರು 2.5 ಸೆಂ.ಮೀ. ಲೋಳೆ ಕಟ್ಕೊಂಡು ಮೇಲಕ್ಕೆ ಬರುತ್ತೆ, ಜಾಲರಿ ತಲುಪಿದ ಮೇಲೆ ನಲ್ಲಿ ಬಿಟ್ರೆ ಸುತ್ತ ಸಿಡಿಯುತ್ತೆ. ನಮ್ಮ ಸಂಬಂಧಿಕರೊಬ್ಬರನ್ನ ಸೇರಿಸಿದ್ದ ದೊಡ್ಡ ಆಸ್ಪತ್ರೇಲಿ (ಹೆಸರು ಬೇಡ) ಉಳಿದ ಹಾಲು, ಎಳನೀರು, ಗ್ಲೂಕೋಸ್ ಎಲ್ಲ ಕೈ ತೊಳೆಯೋ ಬೇಸಿನ್ನಿಗೇ ಸುರೀತಿದ್ರು, ಸೋಪಿನ ಡಬ್ಬಿ ಖಾಲಿ, ಕೆಳಗೆ ಲಾಬಿ ಮಾತ್ರ ಗ್ರಾನೈಟ್ ಹಾಕಿ ಮುಖ ಕಾಣೋ ಹಾಗಿತ್ತು. ನೆಲ ಒರೆಸೋ ಅಕ್ಕನ್ನ ಕೇಳಿದ್ರೆ ‘ಕಂಟ್ರಾಕ್ಟರ್ ಕೊಟ್ಟಷ್ಟೇ ಫಿನಾಯಿಲ್ ಸಾರ್’ ಅಂದ್ರು.

ನಾವು ಜಗಳ ಆಡೋದೂ ಬೇಡದ್ದಕ್ಕೇ. ದೆಹಲಿ ಕಡೆ ಚಿಕಿತ್ಸೆ ಪಡೆದು ಸ್ವೀಡನ್‌ಗೆ ವಾಪಸ್ ಹೋದ ರೋಗೀಲಿ 2008ರಲ್ಲಿ ಒಂದು ಜೀನ್ ಸಿಕ್ತು, ಮೆರೊಪೆನೆಮ್‌ನಂಥ ಜೋರು ಆ್ಯಂಟಿಬಯೋಟಿಕ್ಕನ್ನೂ ಕೆಡಿಸೋದು. ಅದಕ್ಕೆ ‘ಎನ್‌ಡಿಎಂ-1’ ಅಂತ ನ್ಯೂಡೆಲ್ಲಿ ಹೆಸರಿಟ್ರು ಅಂತ 2010ರಲ್ಲಿ ಸಂಸತ್ತಿನವರೆಗೂ ಗಲಾಟೆ ಹೋಯ್ತು, ಅವಮಾನ ಆಯ್ತು, ಮೆಡಿಕಲ್ ಟೂರಿಸಂ ಹಾಳಾಯ್ತು ಅಂತ. ಮರುವರ್ಷ, 2011ರಲ್ಲಿ, ದೆಹಲಿಯ 171 ನಿಂತ ಕೊಳಚೆ ನೀರಿನ ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50ರಲ್ಲಿ 2ರಲ್ಲಿ ಅದೇ ಜೀನ್ ಇದೆ ಅಂತ ವರದಿ ಬಂತು, ಕಾಲರಾ ಬ್ಯಾಕ್ಟೀರಿಯಾದಲ್ಲೂ ಇತ್ತು. ಹೆಸರಿಗೆ ಕೂಗಿದ ಗಂಟಲುಗಳು ಚರಂಡಿಗೆ ಅಷ್ಟು ಕೂಗಿದ್ದು ನನಗಂತೂ ಕೇಳಿಸಲಿಲ್ಲ.

ರೋಗೀನ ಬೈಯೋದು ಸುಲಭ ಮೇಷ್ಟ್ರೇ, ಅದಕ್ಕೆ ಖರ್ಚಿಲ್ಲ. ಪ್ಲಂಬರ್, ಸೋಪು, ಸಂಬಳ ಸರಿ ಇರೋ ಹೌಸ್‌ಕೀಪಿಂಗ್ ಅಂದ್ರೆ ಬಜೆಟ್ ಬೇಕು. ಇನ್ನೊಂದು ಪತ್ರ ಬರೀರಿ, ಆದ್ರೆ ಈ ಸಲ ನಿಮ್ಮೂರಿನ ಆಸ್ಪತ್ರೆ ವಾರ್ಡಿಗೆ ಹೋಗಿ ಬೇಸಿನ್ ನೋಡ್ಕೊಂಡು ಬಂದ್ಮೇಲೆ.